ಕೇಶ್ವಾಪುರದ ಗ್ಯಾಸ್ ಒಪ್ಪಂದ

ಎಲ್ಲೋ ಎರಡು ದೇಶಗಳು ಗ್ಯಾಸಿನ ಸಲುವಾಗಿ ಮುಖ ತಿರುವಿಕೊಂಡವು ಅಂದರೆ ಸಾಕು, ಮರುದಿನ ಮುಂಜಾನೆ ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಆಫೀಸಿನ ಫೋನಿಗೆ ಪುರುಸೊತ್ತು ಇರುವುದಿಲ್ಲ. ಮನೆಮನೆಗೆ ಪೈಪಿನಲ್ಲಿ ಅಡಿಗೆ ಗ್ಯಾಸು ಕೊಡುವ ಕಂಪನಿಯಲ್ಲಿ ನಾನು ದೂರು ನೋಡಿಕೊಳ್ಳುವವನು. ಒಲೆ ಯಾಕೆ ಹತ್ತಲಿಲ್ಲ, ಪೈಪು ಯಾವ ಗೋಡೆಗುಂಟ ಹೋಗಬೇಕು, ಮೀಟರು ಎಲ್ಲಿ ಕೂಡಿಸಬೇಕು, ಇಷ್ಟು ನನಗೆ ಗೊತ್ತು. ಆದರೆ ನಮ್ಮ ಮಂದಿ ನನ್ನನ್ನು ವಿದೇಶಾಂಗ ಖಾತೆಯ ಹುಬ್ಬಳ್ಳಿ ಶಾಖೆ ಅಂತ ತಿಳಿದುಕೊಂಡಿದ್ದಾರೆ.

೧. ರಶಿಯಾ ಅಲ್ಲ

ರಶಿಯಾದವರು ಯುರೋಪಿನ ಗ್ಯಾಸು ಬಂದ್ ಮಾಡುತ್ತಾರಂತೆ ಅಂತ ಟಿವಿಯವರು ಗಂಟಲು ಹರಿದುಕೊಳ್ಳುತ್ತಿದ್ದ ದಿನಗಳು. ಮುಂಜಾನೆ ಒಬ್ಬ ಹೆಣ್ಣುಮಗಳ ಫೋನು ಬಂತು. ದನಿ ಭಾಳ ಸಣ್ಣದು.

“ಸರ್, ನಮ್ಮ ಮನ್ಯಾಗ ಒಲಿ ಹತ್ತವಲ್ದು. ರಶಿಯಾದವರು ಇಲ್ಲೀತನಾ ಬಂದ್ ಮಾಡ್ಯಾರೇನ್ರಿ?”

“ಇಲ್ರಿ ಅಕ್ಕಾರ, ಅವರಿಗೂ ನಿಮ್ಮ ಒಲಿಗೂ ಸಂಬಂಧ ಇಲ್ಲ. ಸ್ವಲ್ಪ ಜೋರ ಮಾತಾಡ್ರಿ, ಕೇಳವಲ್ದು.”

“ಜೋರ ಮಾತಾಡಾಕ ಬರಂಗಿಲ್ರಿ. ನೀವ ಬಂದು ನೋಡ್ರಿ.”

ಹೋದೆ. ಮೀಟರು ಸರಿ ಇತ್ತು, ಪೈಪು ಸರಿ ಇತ್ತು. ಅಡಿಗೆ ಕಟ್ಟೆಯ ಕೆಳಗೆ ಗ್ಯಾಸು ಬಿಡುವ, ನಿಲ್ಲಿಸುವ ಕಾಕು ಮಾತ್ರ ಅಡ್ಡ ತಿರುಗಿತ್ತು. “ಇದನ್ನ ಯಾರು ಬಂದ್ ಮಾಡಿದ್ರಿ?” ಅಂದೆ. ಫೋನು ಮಾಡಿದ್ದ ಸೊಸೆ ಹುಬ್ಬಿನಿಂದ ಪಡಸಾಲೆಯ ಕಡೆ ತೋರಿಸಿದಳು. ಅಲ್ಲಿ ಕುರ್ಚಿಯ ಮೇಲೆ ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

“ನಾನ ಮಾಡೇನಿ. ನಿನ್ನೆ ಸಂಜಿಮುಂದ ನಾ ಧಾರಾವಾಹಿ ನೋಡಾಕತ್ತಿದ್ದೆ. ಹುಡುಗರು ಓದಾಕತ್ತಾರ ಅಂತ ಆಕಿ ನಡುವ ಟಿವಿ ಬಂದ್ ಮಾಡಿದ್ಲು. ಇವತ್ತ ನಾ ಗ್ಯಾಸ ಬಂದ್ ಮಾಡೇನಿ. ದೊಡ್ಡ ದೊಡ್ಡ ದೇಶದವರ ಹಿಂಗ ಮಾಡಾಕತ್ತಾರ, ನಾ ಮಾಡಿದ್ರ ಏನ ತಪ್ಪು?”

ಅರ್ಧ ತಾಸು ಆ ಕಡೆ ಈ ಕಡೆ ತಿರುಗಾಡಿ ಸಮಾಧಾನ ಹೇಳಿದೆ. ಕೊನೆಗೆ ಅತ್ತೆ ತಾವೇ ಎದ್ದು ಬಂದು ಕಾಕು ತಿರುವಿದರು. ಸೊಸೆ ಒಲೆ ಹಚ್ಚಿ ಮೊದಲ ಚಹಾ ಅವರ ಕೈಗೇ ಕೊಟ್ಟಳು. ಆಫೀಸಿಗೆ ಬಂದು ದೂರಿನ ಹಾಳೆಯಲ್ಲಿ ಏನು ಬರೆಯಲಿ ಅಂತ ವಿಚಾರ ಮಾಡಿ, ‘ಮಾತುಕತೆ ಫಲಿಸಿದೆ, ಸರಬರಾಜು ಮತ್ತೆ ಶುರು’ ಅಂತ ಬರೆದೆ.

ಸಾಹೇಬರು ಅದನ್ನು ಓದಿ ನನ್ನನ್ನು ಒಳಗೆ ಕರೆದರು. “ಇದು ಯಾವ ದೇಶದ್ದರಿ?”

೨. ಎರಡನೇ ವ್ಯವಸ್ಥೆ

ಧಾರವಾಡದ ಮಾಳಮಡ್ಡಿಯಲ್ಲಿ ಒಬ್ಬ ನಿವೃತ್ತ ಪ್ರಾಧ್ಯಾಪಕರಿದ್ದಾರೆ. ರಾಜ್ಯಶಾಸ್ತ್ರ ಕಲಿಸಿದವರು. ಅವರ ಮನೆಯ ಮೀಟರು ನೋಡಲು ಹೋದರೆ ಒಂದು ಪಾಠ ಕೇಳದೆ ಹೊರಗೆ ಬರಲಾಗದು. ಪಾಠದ ಜೊತೆ ಅವರ ಮನೆಯವರು ಹಚ್ಚಿದ ಅವಲಕ್ಕಿ ಕೊಡುತ್ತಾರೆ, ಆದ್ದರಿಂದ ನನ್ನ ತಕರಾರೂ ಇಲ್ಲ.

ಆವತ್ತು ಅವರು ಹೇಳುತ್ತಿದ್ದರು: “ನೋಡ್ರಿ, ಯುರೋಪಿನವರು ಮಾಡಿದ ತಪ್ಪ ಯಾವುದದ? ನಲವತ್ತ ವರ್ಷ ಒಬ್ಬರ ಕಡೆನ ಗ್ಯಾಸ ತಗೊಂಡ್ರು. ಸಸ್ತಾ ಸಿಗತದ, ಬಾಗಲಿಗೇ ಬರತದ ಅಂತ ಆರಾಮ ಕೂತ್ರು. ಕೊಡವರಿಗೆ ಸಿಟ್ಟ ಬಂತು, ಇವರು ಥಂಡ್ಯಾಗ ನಡುಗಿದ್ರು. ಯಾವತ್ತೂ ಒಬ್ಬರ ಮ್ಯಾಲೆ ಅವಲಂಬಿಸಬಾರದು. ಎರಡನೇದೊಂದು ವ್ಯವಸ್ಥಾ ಇಟಗೊಂಡಿರಬೇಕು.”

ಅಡಿಗೆಮನೆಯಲ್ಲಿ ಸೌಟಿನ ಸಪ್ಪಳ ನಿಂತಿತು.

“ಏನಂದ್ರಿ?” ಅಂತ ಅಲ್ಲಿಂದ ದನಿ ಬಂತು.

“ನಾ ಯುರೋಪಿನ ಮಾತ ಹೇಳಲಿಕ್ಕತ್ತೇನಿ.”

“ಯುರೋಪಿಂದು ನನಗ ಗೊತ್ತಿಲ್ಲ. ನಮ್ಮ ಮದುವಿಯಾಗಿ ಈ ವೈಶಾಖಕ್ಕ ನಲವತ್ತ ತುಂಬತಾವ. ಎರಡನೇ ವ್ಯವಸ್ಥಾ ಇವತ್ತ ಮಧ್ಯಾಹ್ನದಿಂದನ ಮಾಡಕೋರಿ.”

ಒಲೆಯ ಗುಂಡಿ ಟಕ್ ಅಂತ ತಿರುಗಿದ್ದು ನಮಗಿಬ್ಬರಿಗೂ ಕೇಳಿಸಿತು. ನಾನು ಅವಲಕ್ಕಿಯ ಆಸೆ ಬಿಟ್ಟು ಎದ್ದೆ. ಗೇಟಿನ ತನಕ ಪ್ರಾಧ್ಯಾಪಕರೂ ಬಂದರು, ಕಾಲಲ್ಲಿ ಚಪ್ಪಲಿ ಇತ್ತು. “ನಿಮ್ಮ ಸ್ಕೂಟರ್ ಮ್ಯಾಲೆ ನನ್ನನ್ನ ಒಂದು ಖಾನಾವಳಿಗೆ ಬಿಡ್ರಲಾ,” ಅಂದರು. ಹಾದಿಯುದ್ದಕ್ಕೂ ಸ್ವಾವಲಂಬನೆಯ ಬಗ್ಗೆ ಮಾತಾಡಿದರು. ಹೋಗಿ ನೋಡಿದರೆ ಖಾನಾವಳಿಯ ಬಾಗಿಲಿಗೆ ‘ಇಂದು ರಜೆ’ ಅಂತ ಹಲಗೆ ತೂಗುತ್ತಿತ್ತು. ಪ್ರಾಧ್ಯಾಪಕರು ಅದನ್ನು ಎರಡು ಸಲ ಓದಿದರು.

“ಗಾಡಿ ತಿರುಗಸ್ರಿ,” ಅಂದರು. “ಎಲ್ಲಾ ಷರತ್ತಿಗೂ ಒಪ್ಪತೇನಿ.”

೩. ಸೌದಿ ಸಂಬಂಧ

ಕೊಲ್ಲಿ ದೇಶಗಳ ಕಡೆ ಜಗಳ ಜೋರಾಗಿ, ಹಡಗುಗಳು ನಡುನೀರಿನಲ್ಲಿ ನಿಂತವು ಅನ್ನುವ ಸುದ್ದಿ ಬಂದಾಗ ಹೋಟೆಲಿನವರಿಗೆಲ್ಲ ಸಿಲಿಂಡರಿನ ಚಿಂತೆ ಹತ್ತಿತು. ಒಬ್ಬರು ದೋಸೆ ನಿಲ್ಲಿಸಿದರು, ಇನ್ನೊಬ್ಬರು ಪೂರಿ ನಿಲ್ಲಿಸಿದರು. ಆದರೆ ನಮ್ಮ ಆಫೀಸಿನ ಹಿಂದಿನ ಓಣಿಯ ಮಿರ್ಚಿ-ಗಿರಮಿಟ್ ಅಂಗಡಿಯವನ ಬಾಣಲೆ ಮಾತ್ರ ಒಂದು ದಿನವೂ ಇಳಿಯಲಿಲ್ಲ. ರಾಣೇಬೆನ್ನೂರ ಕಡೆಯ ಮನುಷ್ಯ, ಮಾತು ಕಡಿಮೆ. ಹೆಂಗ ನಡಸಾಕತ್ತಿ ಅಂತ ಯಾರಾದರೂ ಕೇಳಿದರೆ, “ಎಲ್ಲಾ ಸೌದಿ ಮ್ಯಾಲೇ ನಡದೈತ್ರಿ,” ಅನ್ನುತ್ತಿದ್ದ.

ಎರಡೇ ದಿನಕ್ಕೆ ನಮ್ಮ ಆಫೀಸಿಗೆ ಹತ್ತು ಮಂದಿ ಹಿರಿಯರು ಬಂದರು. ಮುಂದೆ ಒಬ್ಬ ನಿವೃತ್ತ ಹೆಡ್‌ಮಾಸ್ತರು.

“ಒಬ್ಬ ಮಿರ್ಚಿ ಮಾರಾಂವ ಸೌದಿಯಿಂದ ನೇರ ತರಸ್ತಾನ. ಇಷ್ಟ ದೊಡ್ಡ ಕಂಪನಿ, ನಿಮಗ್ಯಾಕ ಆಗಂಗಿಲ್ಲ?”

ನನಗೂ ಅನುಮಾನ ಬಂತು. ಎಲ್ಲರನ್ನೂ ಕರೆದುಕೊಂಡು ಅಂಗಡಿಯ ಹಿಂದೆ ಹೋದೆ. ಎದೆಮಟ್ಟ ಹುಣಸಿ ಕಟಗಿ ಒಟ್ಟಿತ್ತು. ನಾವು ಹುಬ್ಬಳ್ಳಿಯವರು ಕಟಗಿ ಅನ್ನುವುದಕ್ಕೆ ಅವರ ಕಡೆ ಸೌದಿ ಅನ್ನುತ್ತಾರೆ ಅಂತ ಆಗ ತಿಳಿಯಿತು.

“ಇಲ್ಲೇ ಬಾಜೂ ಹಳ್ಳಿ ಶಿರಗುಪ್ಪಿಯಿಂದ ತರಸ್ತೇನ್ರಿ,” ಅಂದ ಅವ. “ಒಣಾ ಸೌದಿ.”

ಹೆಡ್‌ಮಾಸ್ತರು ಸೋಲುವವರಲ್ಲ. ಆ ರಾಶಿಯನ್ನು ಸುತ್ತು ಹಾಕಿ ನೋಡಿ, “ಅಂದ್ರ ಆತಲ್ಲ, ಶಿರಗುಪ್ಪಿ ಜೋಡಿ ನಮ್ಮ ಸಂಬಂಧ ಛಲೋ ಇಟಗೋಬೇಕು,” ಅಂದರು. ಆಮೇಲೆ ಎಲ್ಲರಿಗೂ ಅವರೇ ಮಿರ್ಚಿ ಕೊಡಿಸಿದರು.

೪. ನಡುವಿನ ದೇಶ

ಕೇಶ್ವಾಪುರದಲ್ಲಿ ಒಂದರ ಹಿಂದೆ ಒಂದು ಎರಡು ಮನೆ. ಹಿಂದಿನ ಮನೆಯ ಅಕ್ಕಾರು ಪೈಪ್ ಗ್ಯಾಸಿಗೆ ಅರ್ಜಿ ಹಾಕಿದರು. ಪೈಪು ಅವರ ಮನೆ ಮುಟ್ಟಬೇಕಾದರೆ ಮುಂದಿನ ಮನೆಯ ಗೋಡೆಗುಂಟ ಹೋಗಬೇಕು, ಅದಕ್ಕೆ ಆ ಮನೆಯವರ ಸಹಿ ಬೇಕು. ಇಷ್ಟು ಹೇಳಿದ ಕೂಡಲೇ ಅಕ್ಕಾರ ಮುಖ ಇಳಿಯಿತು.

“ಆಕಿ ಕೊಡಂಗಿಲ್ರಿ. ಹನ್ನೊಂದ ವರ್ಷ ಆತು, ನಾವು ಮಾತಾಡಂಗಿಲ್ಲ.”

ಕಾರಣ ಹೋಳಿಗೆ. ಒಂದು ಅರಿಷಿಣ-ಕುಂಕುಮದ ದಿನ, ಓಣಿಯ ಹೆಂಗಸರೆಲ್ಲ ಇವರ ಮನೆಯಲ್ಲಿ ಕೂತಾಗ, ಮುಂದಿನ ಮನೆಯವರು ಇವರು ಮಾಡಿದ್ದನ್ನು ತಿಂದು “ಹೋಳಿಗಿ ಸ್ವಲ್ಪ ಗಟ್ಟಿ ಆಗ್ಯಾವ” ಅಂದುಬಿಟ್ಟಿದ್ದರು. ಅದಕ್ಕೂ ಮೊದಲು ಇಬ್ಬರೂ ದಿನಾ ಸಂಜೆ ಒಂದೇ ಕಟ್ಟೆಯ ಮೇಲೆ ಕೂತು ಶಾವಿಗೆ ಹೊಸೆದವರಂತೆ.

ನಾನು ಮುಂದಿನ ಮನೆಗೆ ಹೋದೆ. ಅಲ್ಲಿಯ ಅಕ್ಕಾರು, “ಪೈಪ ಬೇಕಾದ್ರ ಆಕಿನ ಬಂದು ಕೇಳ್ಲಿ,” ಅಂದರು. ಹಿಂದಿನ ಮನೆಗೆ ಬಂದೆ. “ಹೋಳಿಗಿ ಮೆತ್ತಗಿದ್ವು ಅಂತ ಮೊದ್ಲ ಆಕಿ ಒಪ್ಪಲಿ,” ಅಂದರು ಇವರು. ಹೀಗೆ ನಾಲ್ಕು ಸಲ ತಿರುಗಿದೆ. ಐದನೆಯ ಸಲ ಹಿಂದಿನ ಮನೆಯ ಅಕ್ಕಾರಿಗೆ ಹೊಸ ಭಯ ಹುಟ್ಟಿತ್ತು. “ಟಿವ್ಯಾಗ ನೋಡಿಲ್ಲೇನ್ರಿ? ನಡುವಿನ ದೇಶದವರು ಪೈಪ ತಡದ್ರಂತ, ಆಚೀ ದೇಶದವರ ಮನ್ಯಾಗ ಒಲಿ ಆರಿದ್ವಂತ. ಆಕಿ ಸಿಟ್ಟಿಲೆ ನಡುವ ತಿರುವಿಬಿಟ್ರ?”

“ಅಕ್ಕಾರ, ಅವರ ಗೋಡ್ಯಾಗ ತಿರುವಾಕ ಕಾಕ ಇರಂಗಿಲ್ರಿ.”

ಈ ಮಾತು ಎರಡು ಮನೆಯ ನಡುವಿನ ಗಿಡ್ಡ ಗೋಡೆಯ ಆಚೆಗೂ ಕೇಳಿಸಿತ್ತು. ಮುಂದಿನ ಮನೆಯ ಯಜಮಾನರು ರೈಲ್ವೆಯಲ್ಲಿದ್ದು ನಿವೃತ್ತರಾದವರು, ಹೆಂಡತಿಯ ಮುಂದೆ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವರು ಗೋಡೆಯ ಮೇಲಿಂದ ತಲೆ ಹಾಕಿ ಹೇಳಿದರು: “ನಡುವಿನ ದೇಶಕ್ಕ ಹಾದಿ ಬಾಡಗಿ ಅಂತ ಇರತೈತ್ರಿ. ನಮಗೂ ಬರಬೇಕು.”

“ಎಷ್ಟ್ ಬೇಕಂತ ಕೇಳ್ರಿ,” ಅಂದರು ಹಿಂದಿನ ಮನೆಯವರು.

“ರೊಕ್ಕ ಬ್ಯಾಡ. ಹಬ್ಬಕ್ಕೊಮ್ಮೆ ಹೋಳಿಗಿ ಕಳಸ್ರಿ.” ಯಜಮಾನರು ತುಟಿ ಸವರಿಕೊಂಡರು. “ಹನ್ನೊಂದ ವರ್ಷ ಆತ್ರಿ ವೈನಿ, ಅಂಥಾ ಹೋಳಿಗಿ ತಿಂದು.”

ಅಷ್ಟಕ್ಕೇ ಮುಂದಿನ ಮನೆಯ ಅಕ್ಕಾರು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು, ನನ್ನ ಕೈಯಿಂದ ಪೆನ್ನು ಕಸಿದುಕೊಂಡರು, ಸಹಿ ಹಾಕಿದರು, ಗಂಡನನ್ನು ಒಂದು ಸಲ ನೋಡಿ ಒಳಗೆ ಹೋದರು.

ಹದಿನೈದು ದಿನಕ್ಕೆ ಪೈಪು ಮುಟ್ಟಿತು. ಒಲೆ ಹಚ್ಚಿ ತೋರಿಸಲು ನಾನೇ ಹೋಗಿದ್ದೆ. ಹಿಂದಿನ ಮನೆಯ ಅಕ್ಕಾರು ನೀಲಿ ಉರಿಗೆ ಕೈ ಮುಗಿದು, ಮೊದಲೇ ರುಬ್ಬಿಟ್ಟ ಹೂರಣ ತೆಗೆದು, ಹಂಚು ಇಟ್ಟು ಹೋಳಿಗೆ ಬೇಯಿಸಿದರು. ತಾವೇ ತಾಟು ಹಿಡಿದು ಗೋಡೆಯ ತನಕ ಬಂದರು. ಆ ಕಡೆ ಗಂಡ-ಹೆಂಡತಿ ಇಬ್ಬರೂ ನಿಂತಿದ್ದರು. ಯಜಮಾನರು ಕೈ ಚಾಚಿದರು, ಹೆಂಡತಿ ಆ ಕೈ ತಡೆದು, ತಾವು ಮೊದಲು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು. ನಾನು ದೇವರನ್ನು ನೆನೆಯುತ್ತಿದ್ದೆ.

“ಈಗ ಮೆತ್ತಗ ಆಗ್ಯಾವ,” ಅಂದರು ಕೊನೆಗೆ. “ಪೈಪ ಗ್ಯಾಸಿನ ಗುಣ ಇರಬೇಕು.”

ಮುಗಿಯಿತು, ಇನ್ನು ಹನ್ನೊಂದು ವರ್ಷ, ಅಂದುಕೊಂಡೆ. ಹಿಂದಿನ ಮನೆಯ ಅಕ್ಕಾರು ತಾಟು ಗೋಡೆಯ ಮೇಲಿಟ್ಟು ನನ್ನ ಕಡೆ ತಿರುಗಿದರು.

“ಹಂಗಾರ ಸರ್, ಇಕಿಗೂ ಒಂದು ಕನೆಕ್ಷನ್ ಲಗೂನ ಕೊಟ್ಟಬಿಡ್ರಿ. ಇಕಿ ಚಪಾತಿನೂ ಸುಧಾರಸಲಿ!”

ಮೊದಲು ನಕ್ಕವರು ಮುಂದಿನ ಮನೆಯ ಅಕ್ಕಾರು. ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಳ್ಳುತ್ತ, “ಅರ್ಜಿ ತಗೀರಿ,” ಅಂದರು. ಗೋಡೆಯ ಮೇಲೆಯೇ ಅರ್ಜಿ ಬಿಡಿಸಿ ಬರೆದುಕೊಂಡೆ. ಅವರು ಸಹಿ ಹಾಕಿ ತಲೆ ಎತ್ತಿ ನೋಡುವಷ್ಟರಲ್ಲಿ ತಾಟು ಖಾಲಿಯಾಗಿತ್ತು. ಯಜಮಾನರು ಬಾಯಿ ಒರೆಸಿಕೊಳ್ಳುತ್ತ, “ಹಾದಿ ಬಾಡಗಿ ಮುಟ್ಟೇತಿ ಅಂತ ಅದರಾಗ ಬರಕೋರಿ,” ಅಂದರು.