ಐನೂರನೆಯ ರೆಕಾರ್ಡು

ಆ ಬೆಕ್ಕನ್ನ ಆಚೆ ತಳ್ಳಿ ಕೂತ್ಕೊಳ್ಳಿ, ಕಥೆ ಮುಗಿಯೋವರೆಗೂ ಏಳಬೇಡಿ.

ನಮ್ಮ ಡೇಟನ್ ಊರಿನ ಒಂಟಿಗೂಬೆ ರೆಕಾರ್ಡ್ ಕಂಪನಿಯು ಯಾರ ಹಂಗಿನಲ್ಲೂ ಇಲ್ಲದ ಸ್ವತಂತ್ರ ಸಂಸ್ಥೆಯಾಗಿತ್ತು. ನಾನು ಬಟ್ಟೆ ಒಗೆಯುತ್ತಿದ್ದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅದರ ವಾಸ. ದೊಡ್ಡ ಕಂಪನಿಗಳೆಲ್ಲ ಜನ ಮೆಚ್ಚುವ ಹಾಡು ಮಾಡಿ ಕೆಟ್ಟುಹೋದವು ಎಂಬುದು ಮಾಲೀಕ ಥರ್ಮನ್ ಪೋಲ್‌ನ ನಂಬಿಕೆ. ಅದಕ್ಕೇ ಬಾಗಿಲಿಗೆ ಪ್ರಕಟಣೆ ಅಂಟಿಸಿದ್ದ:

"ನಿಯಮ ಏಳು: ಯಾವ ಕಲಾವಿದರ ರೆಕಾರ್ಡು ಐನೂರು ಪ್ರತಿ ಮಾರಾಟವಾಗುವುದೋ ಅವರು ಜನಪ್ರಿಯತೆಯ ದೋಷಕ್ಕೆ ಒಳಗಾದರೆಂದು ಪರಿಗಣಿಸಿ, ಮುಂದಿನ ರೆಕಾರ್ಡನ್ನು ರದ್ದುಪಡಿಸಲಾಗುವುದು. ನಿಯಮ ಎಂಟು: ಯಾರಿಗೂ ಪುಕ್ಕಟೆ ಪ್ರತಿ ಇಲ್ಲ, ಹಾಡಿದವರಿಗೂ, ಮಾಲೀಕರಿಗೂ."

ಬೀದಿಕೊನೆಯ ಹೋಟೆಲಲ್ಲಿ ಪ್ಯಾನ್‌ಕೇಕ್ ಹುಯ್ಯುವ ಡಾರ್ಕಸ್ ಮಿಲಿಗನ್ ಅಲ್ಲಿ ಮೊದಲ ರೆಕಾರ್ಡು ಹಾಡಿದಳು. ತೀರಿಕೊಂಡ ತಂಗಿ ಐಯೋಲಾ ಮೇಲೆ ಕಟ್ಟಿದ ಹಾಡನ್ನ ಎರಡನೆಯದಕ್ಕೆ ಅಂತ ಎತ್ತಿಟ್ಟಿದ್ದಳು. "ಅದೊಂದು ಅಚ್ಚಾದ್ರೆ ಸಾಕಮ್ಮ" ಅಂತಿದ್ದಳು.

ಹಾಳಾದ್ದು, ಮೊದಲನೆಯದು ಬಿಸಿ ಬನ್ನಿನ ಹಾಗೆ ಖರ್ಚಾಯಿತು. ನಾನೂರ ತೊಂಬತ್ತೊಂಬತ್ತಾದಾಗ ಚರ್ಚಿನ ಹೆಂಗಸರೆಲ್ಲ ರೆಕಾರ್ಡು ಮಾರುವ ಅಂಗಡಿ ಬಾಗಿಲಿಗೆ ಅಡ್ಡ ನಿಂತೆವು.

"ಕೊಳ್ಳಬೇಡಪ್ಪಾ, ಪುಣ್ಯ ಬರುತ್ತೆ."

"ಯಾಕಜ್ಜಿ, ಹಾಡು ಚೆನ್ನಾಗಿಲ್ವಾ?" ಅಂದ ಒಬ್ಬ ಲಾರಿಯವನು.

"ಚೆನ್ನಾಗಿದೆ, ಅದಕ್ಕೇ ಬೇಡ ಅನ್ನೋದು!"

ಅವನೇನೋ ತಿರುಗಿಹೋದ. ಆದರೆ ನಿಯಮ ಎಂಟರಂತೆ ತನ್ನ ಕಂಪನಿಯ ಹಾಡನ್ನ ಅದುವರೆಗೂ ಕೇಳದ ಥರ್ಮನ್ ಹಿಂಬಾಗಿಲಿಂದ ಬಂದು ಐನೂರನೆಯದನ್ನ ಕೊಂಡುಬಿಟ್ಟ. ಕೇಳಿ ಗಳಗಳನೆ ಅತ್ತ. ಕಣ್ಣೊರೆಸಿಕೊಂಡು ಡಾರ್ಕಸಳನ್ನ ರದ್ದು ಮಾಡಿದ.

"ಕೊಂಡವನು ನೀನೇ ಅಲ್ವೇನೋ ಮೂಳ!" ಅಂದೆ.

"ಹೌದಮ್ಮ. ಎಷ್ಟು ಚೆನ್ನಾಗಿ ಹಾಡಿದಾಳೆ ಪಾಪಿ! ನನ್ನ ಕೈಲೇನಿದೆ ಹೇಳು, ನಿಯಮ."

"ನಿನ್ನದನ್ನೇ ವಾಪಸ್ ಮಾಡು. ಲೆಕ್ಕ ಇಳಿಯುತ್ತೆ."

"ಆಗಲ್ಲ. ವಾಪಸಾತಿ ಅರ್ಜಿಯಲ್ಲಿ 'ಇಷ್ಟವಾಗಲಿಲ್ಲ' ಅಂತ ಬರೆದು ರುಜು ಹಾಕಬೇಕು. ಮಾಲೀಕನಾಗಿ ಸುಳ್ಳು ಬರೀಲಾ?"

ಅರ್ಜಿ ಹಿಡಿದು ಮನೆಮನೆ ಸುತ್ತಿದೆವು. ಅಂಚೆಯವನು ರೆಕಾರ್ಡನ್ನ ಎದೆಗೆ ಅವುಚಿಕೊಂಡ. ಪಾದ್ರಿಗಳು "ನನ್ನ ಹಸು ಬೇಕಾದ್ರೆ ತಗೊಳ್ಳಿ" ಅಂದರು. ನಾನು ಕೊಟ್ಟೆನಾ? ನಾನೂ ಕೊಡಲಿಲ್ಲ.

ಕೊನೆಗೆ ಡಾರ್ಕಸಳೇ ಹಿಟ್ಟಿನ ಕೈಯಲ್ಲಿ ಮೆಟ್ಟಿಲು ಹತ್ತಿ, ಮೊಟ್ಟಮೊದಲು ತಾನು ಕೊಂಡಿದ್ದ ಪ್ರತಿಯನ್ನ ಮೇಜಿನ ಮೇಲಿಟ್ಟಳು. 'ಇಷ್ಟವಾಗಲಿಲ್ಲ' ಎಂದು ಬರೆದಳು.

"ಕಾರಣ ಕೂಡ ಬರೀಬೇಕು ತಾಯಿ" ಅಂದ ಥರ್ಮನ್.

ಕೈಯ ಹಿಟ್ಟು ಒರೆಸಿಕೊಂಡಳು. 'ಹಾಡಿದವಳಿಗೆ ಹಾಡೋಕೆ ಬರಲ್ಲ' ಎಂದು ಬರೆದು ರುಜು ಹಾಕಿದಳು.

ಥರ್ಮನ್ ಮುದ್ರೆ ಒತ್ತಿ ಕೈಕುಲುಕಿದ. "ಈಗ ನೀನು ಶುದ್ಧ."

ಹೀಗೆ ಐಯೋಲಾಳ ಹಾಡು ಅಚ್ಚಾಯಿತು. ಮುಂಜಾಗ್ರತೆಗೆಂದು ಒಂದೇ ಒಂದು ಪ್ರತಿ. ಡಾರ್ಕಸಳೇ ಅದನ್ನ ಕೊಂಡಳು.

ಆಮೇಲೆ? ಥರ್ಮನ್ ಆ ಹಾಡನ್ನ ಕೇಳದೆಯೇ ಮುದುಕನಾದ. ಅದೇ ತನ್ನ ಕಂಪನಿಯ ಅತ್ಯಂತ ಸ್ವತಂತ್ರ ರೆಕಾರ್ಡು ಅಂತ ಎಲ್ಲರಿಗೂ ಹೇಳ್ತಾನೆ. ಪಾದ್ರಿಗಳು ತೀರಿಕೊಂಡರು, ರೆಕಾರ್ಡನ್ನ ಜೊತೆಗೇ ಹೂಳಿಸಿಕೊಂಡರು, ಹಸು ನಮಗೆ ಬಂತು. ಲಾರಿಯವನು ಈಗಲೂ ವರ್ಷಕ್ಕೊಮ್ಮೆ ಬಂದು "ಈಗ ಕೊಳ್ಳಬಹುದಾ ಅಜ್ಜಿ?" ಅಂತಾನೆ. ಡಾರ್ಕಸ್ ಬೆಳಗ್ಗೆ ಪ್ಯಾನ್‌ಕೇಕ್ ಹುಯ್ಯುತ್ತಾ ಐಯೋಲಾಳ ಹಾಡು ಹೇಳ್ತಾಳೆ. ನಾವೆಲ್ಲ ಚಮಚ ಕೆಳಗಿಟ್ಟು ಕೇಳ್ತೀವಿ, ಚಪ್ಪಾಳೆ ಮಾತ್ರ ತಟ್ಟಲ್ಲ. ಅವಳ ಮೂರನೆಯ ರೆಕಾರ್ಡು ಇನ್ನೂ ಬರಬೇಕಲ್ಲ.