ಈಗ ಯಾರೂ ರೇಟು ಕೇಳುವುದಿಲ್ಲ

ಬೇಡವೆಂದರೂ ನಗಿಸುವ ಮಂದಿ ನಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಾರೆ. ಜಮಖಂಡಿಯ ಒಂದು ಕಿರಾಣಿ ಮಾರ್ಟಿನಲ್ಲಿ ನನ್ನ ಕೆಲಸ. ಮೊದಲು ರೇಟಿನ ಚೀಟಿ ಬರೆದು ಅಂಟಿಸುತ್ತಿದ್ದೆ. ಚೀಟಿ ಇದ್ದರೂ ಜನ ನನ್ನನ್ನೇ ಕೇಳುತ್ತಿದ್ದರು. ನನ್ನ ಅಕ್ಷರ ಹಾಗಿತ್ತು. ರೇಟು ಹೇಳುತ್ತ ಯಾವೂರು, ಯಾರ ಪೈಕಿ, ಮಗಳ ಮದುವಿ ಆತೇನು ಎಂಬಲ್ಲಿಗೆ ಮಾತು ಹೋಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ನನಗೆ ಅದೇ ಸಂಸಾರ.

ಹೋದ ವರ್ಷ ಮಾಲಕರು ಕಪಾಟುಗಳಿಗೆಲ್ಲ ಡಿಜಿಟಲ್ ಲೇಬಲ್ ಹಾಕಿಸಿದರು. ಒಳಗೆ ಕಂಪ್ಯೂಟರಿನಲ್ಲಿ ಒತ್ತಿದರೆ ಹೊರಗೆ ರೇಟು ತಾನೇ ಬದಲಾಗುತ್ತದೆ. ಅಕ್ಷರ ದುಂಡಗೆ, ಸ್ಪಷ್ಟ. ಅಂದಿನಿಂದ ನನ್ನ ಬಾಯಿಗೆ ಕೆಲಸವಿಲ್ಲ.

೧. ಚೌಕಾಸಿ

ಬೀಳಗಿ ಕಡೆಯ ಯಜಮಾನರೊಬ್ಬರು ಎಣ್ಣೆ ಡಬ್ಬಿಗಳ ಮುಂದೆ ನಿಂತು ಲೇಬಲ್ಲನ್ನೇ ಬೈಯುತ್ತಿದ್ದರು. "ಇಷ್ಟ ತುಟ್ಟಿ ಆದ್ರ ಮಂದಿ ಬದುಕೂದು ಹೆಂಗ? ಸ್ವಲ್ಪರೇ ಕಡಿಮಿ ಮಾಡು!"

ಅದೇ ಹೊತ್ತಿಗೆ ಒಳಗಿನವರು ಹಬ್ಬದ ರಿಯಾಯಿತಿ ಹಾಕಿದರು. ಅಂಕಿ ಇಳಿಯಿತು. ಯಜಮಾನರು ಟೊಪ್ಪಿಗೆ ಸರಿ ಮಾಡಿಕೊಂಡರು. ಎರಡು ಮಾತು ಸಿಕ್ಕೀತೆಂಬ ಆಸೆಯಿಂದ ನಾನು ಹತ್ತಿರ ಹೋದೆ.

"ನೀವು ನಡುವ ಬರಬ್ಯಾಡ್ರಿ," ಎಂದರು. "ನಮ್ಮದಿನ್ನೂ ಮುಗದಿಲ್ಲ."

೨. ಕಾವಲು

ಬನಹಟ್ಟಿಯಿಂದ ಗಂಡ ಹೆಂಡತಿ ಬಂದಿದ್ದರು. ರೇಟು ತಾನಾಗಿ ಬದಲಾಗುತ್ತದೆಂದು ಹೆಂಡತಿಗೆ ಯಾರೋ ಹೇಳಿದ್ದರು. ಅಕ್ಕಿ ಚೀಲ ಎತ್ತಿಕೊಂಡು, "ನಾ ಬಿಲ್ ಮಾಡಸೂತನಾ ನೀವು ಇಲ್ಲೇ ನಿಂದರ್ರಿ. ಅದು ಏರಿತಂದ್ರ ಒದರ್ರಿ," ಎಂದು ಗಂಡನನ್ನು ಲೇಬಲ್ಲಿನ ಮುಂದೆ ನಿಲ್ಲಿಸಿ ಹೋದಳು.

ಬಿಲ್ ಆಯಿತು. ಅಷ್ಟರಲ್ಲಿ ಪರಿಚಯದವಳೊಬ್ಬಳು ಸಿಕ್ಕಳು. ಮಾತಾಡುತ್ತ ಇಬ್ಬರೂ ಬಸ್ ಹತ್ತಿ ಹೋಗೇಬಿಟ್ಟರು. ಈತ ಮಾತ್ರ ಕಣ್ಣು ಕದಲಿಸದೆ ನಿಂತಿದ್ದ. ನಾನು ಕುರ್ಚಿ ಕೊಟ್ಟು ಮಳೆ ಬೆಳೆಯ ಮಾತು ತೆಗೆದೆ.

"ಆಮ್ಯಾಲೆ ಮಾತಾಡೂಣ್ರಿ, ಲಕ್ಷ್ಯ ತಪ್ಪತೈತಿ," ಎಂದ.

ಸಂಜೆ ಹೆಂಡತಿ ಏದುಸಿರು ಬಿಡುತ್ತ ಓಡಿ ಬಂದಳು. ನನಗೆ ನಗು ಬಂತು, ಹೊಟ್ಟೆಕಿಚ್ಚೂ ಆಯಿತು. ಮರೆತರೂ ನೆನಪಾಗಿ ಓಡಿ ಬರಲು ಆತನಿಗೆ ಒಬ್ಬಳಿದ್ದಾಳಲ್ಲ!

"ಒಂದ್ ಪೈಸಾ ಏರಿಲ್ಲ ನೋಡು," ಎಂದು ಆತ ಹೆಮ್ಮೆಯಿಂದ ಎದ್ದ. ಆಕೆ ಹಣೆ ಬಡಿದುಕೊಂಡಳು. ಓಡಿ ಬರುವ ಗಡಿಬಿಡಿಯಲ್ಲಿ ಅಕ್ಕಿ ಚೀಲ ಬಸ್ಸಿನಲ್ಲೇ ಉಳಿದಿತ್ತು.

೩. ದಾರಿ

ಸೂಟಿಯ ದಿನ ಒಬ್ಬನೇ ಮನೆಯಲ್ಲಿ ಕೂಡಲಾರದೆ ಮುಧೋಳಕ್ಕೆ ಹೋದೆ. ಓಣಿಯಲ್ಲೊಂದು ಸಣ್ಣ ಕಿರಾಣಿ ಅಂಗಡಿ. ಯಾವುದಕ್ಕೂ ರೇಟು ಬರೆದಿರಲಿಲ್ಲ. ನನಗೆ ಜೀವ ಬಂದಂತಾಯಿತು.

"ಶೇಂಗಾ ಹೆಂಗ್ರೀ?"

ಅಂಗಡಿಯವನು ಹೇಳಿದ. ಬೆಲ್ಲದ್ದೂ ಹೇಳಿದ. ಆಮೇಲೆ, "ಯಾವೂರ್ರೀ ನಿಮ್ಮದು?" ಎಂದ.

ಎಷ್ಟು ದಿನದ ಮೇಲೆ ಯಾರೋ ನನ್ನ ಊರು ಕೇಳಿದ್ದರು! ಕಣ್ಣು ತುಂಬಿ ಬಂತು. "ಹುನ್ನೂರ್ರೀ," ಎಂದೆ. ಅದೇ ಖುಷಿಯಲ್ಲಿ ತೊಗರಿಬೇಳೆ, ಸಾಬೂನು, ಊದಿನಕಡ್ಡಿ, ಕೊನೆಗೆ ಗೋಡೆಗೆ ತೂಗುಹಾಕಿದ್ದ ಇಲಿ ಬೋನಿನ ರೇಟನ್ನೂ ಕೇಳಿದೆ.

ಆತನ ತಾಳ್ಮೆ ತೀರಿತು. "ಕಾಕಾರ, ಬರೇ ರೇಟ ತಿಳ್ಕೊಳ್ಳೂದಿದ್ರ ಜಮಖಂಡಿಗೆ ಹೋಗ್ರಿ. ಅಲ್ಲೊಂದು ಮಾರ್ಟ್ ಐತಿ, ಎಲ್ಲಾದರ ರೇಟೂ ತಾವ ಕಾಣ್ತಾವ. ಯಾರನ್ನೂ ಮಾತಾಡಸೂದಾ ಬ್ಯಾಡ."

ದಿನಾ ಬೆಳಿಗ್ಗೆ ನಾನೇ ಬಾಗಿಲು ತೆಗೆಯುವ ಅಂಗಡಿ ಅದು. "ಹೌದೇನ್ರಿ? ಅಲ್ಲಿಗೆ ದಾರಿ ಹೆಂಗ?" ಎಂದೆ.

ಪಾಪ, ಆತ ಕಟ್ಟೆ ಇಳಿದು ಬಂದು, ನನ್ನ ಕೈ ಹಿಡಿದು, ಓಣಿಯ ಮೂಲೆಯವರೆಗೂ ನಡೆದು ದಾರಿ ತೋರಿಸಿದ.

ಮುಂದಿನ ಸೂಟಿಯಷ್ಟೊತ್ತಿಗೆ ಆ ದಾರಿಯನ್ನು ಮರೆಯಬೇಕೆಂದಿದ್ದೇನೆ.