ಗೋಡೆಯಾಚೆಯ ಬಕೆಟ್ಟು

ಬೀಗ ರಿಪೇರಿಯವನಿಗೆ ಐವತ್ತು ದಾಟಿದ ಮೇಲೆ ಪಿಟೀಲಿನ ಹುಚ್ಚು ಹಿಡಿಯಿತು. ಪಿಟೀಲು ಸಂಗೀತದ ಮೇಷ್ಟ್ರದು. ಅವರು ಒಂದೇ ಒಂದು ಸಾಲು ಹೇಳಿಕೊಟ್ಟು, "ನಿಧಾನಕ್ಕೆ ನುಡಿಸು. ತಪ್ಪಿದ ಕಡೆಯಷ್ಟೇ ಮತ್ತೆ ಮತ್ತೆ ನುಡಿಸು. ಭಾನುವಾರ ಸಂಜೆ ಬರ್ತೀನಿ. ನೆಟ್ಟಗೆ ಬರ್ಲಿಲ್ಲ ಅಂದ್ರೆ ಪಿಟೀಲು ವಾಪಸ್ ತಗೊಂಡು ಹೋಗ್ತೀನಿ" ಎಂದಿದ್ದರು.

ಭಾನುವಾರ ಬೆಳಿಗ್ಗೆಯೇ ಬೀಗದವನು ಬಾಗಿಲು ಹಾಕಿಕೊಂಡು ಕೂತ. ತುಕ್ಕು ಹಿಡಿದ ಬೀಗಕ್ಕೆ ಯಾರದೋ ಕೀಲಿ ತುರುಕಿದ ಹಾಗೆ ಪಿಟೀಲು ಕಿರ್ರೆಂದಿತು. ಪಕ್ಕದ ದರ್ಜಿಯ ಮನೆಗೂ ಇವನ ಮನೆಗೂ ಒಂದೇ ಗೋಡೆ. ಆಚೆಯಿಂದ ದರ್ಜಿ ಗುದ್ದಿದ.

"ಬೀಗದಣ್ಣ, ವಾರಕ್ಕೆ ಒಂದು ದಿನ ಮಲಗೋನು ನಾನು."

"ವಾರವೆಲ್ಲ ನಿಮ್ಮ ಮಿಷನ್ನು ಕಟಕಟ ಅನ್ನೋವಾಗ ನಾನೇನಾದ್ರೂ ಅಂದಿದ್ದೀನಾ?"

"ಮಿಷನ್ನು ತುಳಿದ್ರೆ ಅಂಗಿಯಾದ್ರೂ ಆಗತ್ತೆ. ನಿಮ್ಮದರಲ್ಲಿ ಏನಾಗತ್ತೆ, ತಲೆನೋವು."

ಬೀಗದವನಿಗೆ ಮೈಯೆಲ್ಲ ಉರಿಯಿತು. ಬೇಕೆಂದೇ ಅದೇ ಸಾಲನ್ನು ಇನ್ನೂ ನಿಧಾನವಾಗಿ ಎಳೆದ. ಆಚೆಯಿಂದ ಧಡ್, ಧಡ್. ಇವನೂ ಬಿಡಲಿಲ್ಲ, ಅವನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಡೆ ಗಡಿಯಾರ ಕೆಳಗೆ ಬಿತ್ತು.

"ಬಚ್ಚಲಲ್ಲಿ ಹೋಗಿ ಕೂತ್ಕೊಳ್ಳಿ, ನಿಮ್ಮ ಪುಣ್ಯ" ಎಂದಳು ಹೆಂಡತಿ, ಗಾಜಿನ ಚೂರು ಗುಡಿಸುತ್ತ.

ಬಚ್ಚಲಲ್ಲಿ ಸದ್ದು ಎರಡರಷ್ಟಾಯಿತು. ದರ್ಜಿಯೂ ತನ್ನ ಬಚ್ಚಲಿಗೆ ಬಂದು ಬಕೆಟ್ಟು ಬೋರಲು ಹಾಕಿಕೊಂಡು ಬಡಿಯತೊಡಗಿದ.

"ನಿಮ್ಮ ಕೈ ಸೇದಿಹೋಗ!"

"ನಿಮ್ಮ ತಂತಿ ಕಿತ್ತುಹೋಗ!"

ಸಂಜೆ ಮೇಷ್ಟ್ರು ಬಂದಾಗಲೂ ಇದೇ ನಡೆದಿತ್ತು. ಅವರು ಬಚ್ಚಲ ಬಾಗಿಲಲ್ಲೇ ನಿಂತು ಕಿವಿಗೊಟ್ಟರು. ಬೀಗದವನು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಇಡೀ ಸಾಲನ್ನು ಒಂದೂ ಅಪಸ್ವರವಿಲ್ಲದೆ ನುಡಿಸಿದ. ಗೆದ್ದೆ ಎಂದುಕೊಂಡು ಕಣ್ಣು ಬಿಟ್ಟ.

"ಸ್ವರ ಬಂದಿದೆ. ತಾಳ ಕೆಟ್ಟಿದೆ" ಎಂದರು ಮೇಷ್ಟ್ರು. "ಆಚೆ ಬಕೆಟ್ಟು ಬಡಿದವರು ಯಾರು?"

"ಅದೊಂದು ಪೀಡೆ, ಮೇಷ್ಟ್ರೇ. ದರ್ಜಿ."

"ಅದಕ್ಕೇ ಮತ್ತೆ. ಮಿಷನ್ನು ತುಳಿದು ತುಳಿದು ತಾಳ ಮೈಗೇ ಹತ್ತಿದೆ. ನಾನು ಬಂದಾಗಿನಿಂದ ಕೇಳ್ತಿದ್ದೀನಿ, ನೀನು ಓಡಿದಾಗ ಅವರ ಪೆಟ್ಟು ಓಡಿಲ್ಲ, ನೀನು ನಿಂತಾಗ ನಿಂತಿಲ್ಲ. ಮೊದಲು ಅವರ ಹತ್ರ ಕೂತು ತಾಳ ಹಾಕೋದು ಕಲಿ. ಅಲ್ಲೀವರೆಗೆ ಪಿಟೀಲು ನನ್ನ ಹತ್ರ ಇರ್ಲಿ."

ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವರು ನೆಟ್ಟಗೆ ಪಕ್ಕದ ಮನೆಗೆ ಹೋದರು. ದೀಪ ಹಚ್ಚುವಷ್ಟರಲ್ಲಿ ದರ್ಜಿಯ ಮನೆಗೆ ಮೇಷ್ಟ್ರ ತಬಲ ಬಂದಿಳಿಯಿತು.

ಆಚೆಯಿಂದ ಒಂದೇ ಪೆಟ್ಟು. ನಿಧಾನವಾಗಿ, ಮತ್ತೆ ಮತ್ತೆ. ಬೀಗದವನಿಗೆ ಸಿಟ್ಟು ನೆತ್ತಿಗೇರಿತು. ಎದ್ದುಹೋಗಿ ಗೋಡೆಗೆ ಗುದ್ದಿದ.

ತಬಲ ನಿಂತಿತು.

"ಚೂರು ಮುಂಚೆ ಬಿತ್ತು, ಬೀಗದಣ್ಣ" ಎಂದ ದರ್ಜಿ. "ನಿಧಾನ. ತಪ್ಪಿದ ಕಡೆಯಷ್ಟೇ ಮತ್ತೆ ಗುದ್ದಿ."